ಅಕ್ಕ ಸಿಗದ ಗುಂಪು

ದೊಡ್ಡಕ್ಕನ ಆಫೀಸಿಗೆ ಹೋಗಬೇಕಾದರೆ ಯಾರೇ ಆಗಲಿ ತಲೆ ಬಗ್ಗಿಸಲೇಬೇಕು. ಗೌರವಕ್ಕಲ್ಲ, ಅದು ಮೆಟ್ಟಿಲ ಕೆಳಗಿನ ಕೋಣೆ. ಕಾಲೇಜಿನ ಮುಖ್ಯ ಕಟ್ಟಡದಲ್ಲಿ ಮೇಲಕ್ಕೆ ಹೋಗುವ ಅಗಲವಾದ ಮೆಟ್ಟಿಲುಗಳಿವೆಯಲ್ಲ, ಅವುಗಳ ಅಡಿಯಲ್ಲಿ ಮೊದಲು ಪೊರಕೆ, ಬಕೆಟ್ಟು, ಮುರಿದ ಬೆಂಚು ಇಡುತ್ತಿದ್ದರು. ಆಮೇಲೆ ದೊಡ್ಡಕ್ಕನನ್ನು ಇಟ್ಟರು. ಬೆಂಚು ಮಾತ್ರ ಅಲ್ಲೇ ಉಳಿಯಿತು. ಬಾಗಿಲ ಮೇಲೆ ‘ವಿದ್ಯಾರ್ಥಿ ಸೇವಾ ವಿಭಾಗ’ ಎಂಬ ಬೋರ್ಡು, ಒಳಗೆ ಒಂದು ಮೇಜು, ನೆತ್ತಿಯ ಮೇಲೆ ದಿನವಿಡೀ ಹತ್ತಿಳಿಯುವ ಕಾಲುಗಳ ಸದ್ದು. ಆ ಸದ್ದಿನಲ್ಲೇ ಆಕೆಗೆ ಯಾರು ಹಳಬರು, ಯಾರು ಹೊಸಬರು ಎಂದು ತಿಳಿಯುತ್ತಿತ್ತು. ಹಳಬರು ದಡದಡ ಓಡುತ್ತಾರೆ. ಹೊಸಬರು ಅರ್ಧ ಹತ್ತಿ ನಿಂತುಬಿಡುತ್ತಾರೆ.

ವಿಭಾಗ ಅನ್ನುವುದು ದೊಡ್ಡ ಮಾತು, ಇದ್ದದ್ದು ಆಕೆ ಒಬ್ಬಳೇ. ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ದೊಡ್ಡಕ್ಕ. ಕುಳ್ಳಗಿನ ಹೆಂಗಸು. ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಯಾವಾಗಲೂ ಏನನ್ನೋ ಹುಡುಕುತ್ತಿರುವ ಕಣ್ಣು. ಹೆಚ್ಚಿನ ಸಲ ಹುಡುಕುತ್ತಿದ್ದದ್ದು ಆ ಕನ್ನಡಕವನ್ನೇ. ಆಕೆಗೆ ಎಡ ಬಲ ಹೇಳಲು ಬರುತ್ತಿರಲಿಲ್ಲ. ಹುಟ್ಟಿನಿಂದ ಬಂದ ಗೊಂದಲ ಅದು, ಕೂದಲು ನರೆತ ಮೇಲೂ ಹೋಗಲಿಲ್ಲ. ಹಾಗಾಗಿ ಯಾರಾದರೂ ಗ್ರಂಥಾಲಯ ಎಲ್ಲಿ ಎಂದು ಕೇಳಿದರೆ ಬಾಯಲ್ಲಿ ಹೇಳುವ ಗೋಜಿಗೇ ಹೋಗದೆ, "ಬಾ, ತೋರಿಸ್ತೀನಿ" ಎಂದು ಎದ್ದುಬಿಡುತ್ತಿದ್ದಳು. ಜನ ಅದನ್ನು ಒಳ್ಳೆಯತನ ಎಂದುಕೊಂಡರು. ಇರಲಿ ಬಿಡಿ, ಎಷ್ಟೋ ಜನರ ಒಳ್ಳೆಯತನಕ್ಕೆ ಇಂಥವೇ ಕಾರಣಗಳಿರುತ್ತವೆ.

ಆಕೆ ಕಟ್ಟಿ ಬೆಳೆಸಿದ್ದು ಅಕ್ಕ-ಅಣ್ಣ ಯೋಜನೆ. ಪ್ರತಿ ವರ್ಷ ಹೊಸದಾಗಿ ಸೇರುವ ಮಕ್ಕಳಿಗೆ ಮೇಲಿನ ತರಗತಿಯ ಒಬ್ಬ ಅಕ್ಕನನ್ನೋ ಅಣ್ಣನನ್ನೋ ಜೊತೆಮಾಡಿ ಕೊಡುವುದು, ಅಷ್ಟೇ. ಪ್ರಯೋಗಾಲಯಕ್ಕೆ ಯಾವ ಮೆಟ್ಟಿಲು ಹತ್ತಬೇಕು, ಯಾವ ಲೆಕ್ಚರರ್ ಬಯ್ದರೆ ಹೆದರಬೇಕು, ಯಾರು ಬಯ್ದರೆ ಹೆದರಬೇಕಾಗಿಲ್ಲ, ಗ್ರಂಥಾಲಯದ ಪುಸ್ತಕ ಕಳೆದುಹೋದರೆ ಯಾರ ಹತ್ತಿರ ಹೋಗಿ ಮುಖ ಸಣ್ಣಗೆ ಮಾಡಿಕೊಂಡು ನಿಲ್ಲಬೇಕು, ಇಂಥವನ್ನೆಲ್ಲ ಅಕ್ಕ ಅಣ್ಣಂದಿರು ಹೇಳಿಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಾತು ಹೇಳಲೇಬೇಕು ಎಂದು ದೊಡ್ಡಕ್ಕನ ಕಟ್ಟಪ್ಪಣೆ ಇತ್ತು: ಜ್ವರವೋ ಇನ್ನೊಂದೋ ಬಂದು ಪರೀಕ್ಷೆ ತಪ್ಪಿದರೆ ಅರ್ಜಿ ಕೊಟ್ಟು ಇನ್ನೊಮ್ಮೆ ಬರೆಯಬಹುದು.

ಈ ಮಾತಿಗೇಕೆ ಇಷ್ಟು ತೂಕ ಅಂತೀರಾ? ಕೇಳಿ. ದೊಡ್ಡಕ್ಕ ಇದೇ ಕಾಲೇಜಿನಲ್ಲಿ ಓದಲು ಬಂದವಳು. ಮೊದಲ ಪರೀಕ್ಷೆಯ ವಾರ ಜ್ವರ ಬಂದು ಮಲಗಿದಳು. ಎದ್ದು ಬಂದು ನೋಡಿದರೆ ಪರೀಕ್ಷೆ ಮುಗಿದಿತ್ತು. ಪರೀಕ್ಷೆ ತಪ್ಪಿತೆಂದರೆ ಕಾಲೇಜೇ ತಪ್ಪಿತು ಎಂದುಕೊಂಡಳು ಪೆದ್ದಿ. ಯಾರನ್ನು ಕೇಳುವುದು? ಕೇಳಿದರೆ ಏನಂದುಕೊಂಡಾರು? ಟ್ರಂಕು ಎತ್ತಿಕೊಂಡು ಮನೆಗೆ ಹೋದವಳು ಮತ್ತೆ ಬರಲಿಲ್ಲ. ಮದುವೆಯಾಯಿತು, ಬೆರಳಚ್ಚು ಕಲಿತಳು, ಎಷ್ಟೋ ವರ್ಷದ ಮೇಲೆ ಅದೇ ಕಾಲೇಜಿನ ಆಫೀಸಿಗೆ ಟೈಪಿಸ್ಟಾಗಿ ಬಂದಳು. ಒಂದು ಮಧ್ಯಾಹ್ನ ಇಬ್ಬರು ಲೆಕ್ಚರರುಗಳು ಆಕೆಯ ಮೇಜಿನ ಪಕ್ಕ ನಿಂತು ಯಾವುದೋ ಹುಡುಗನ ವಿಷಯ ಮಾತಾಡುತ್ತಿದ್ದರು. "ಜ್ವರ ಬಂದಿದ್ರೆ ಅರ್ಜಿ ಕೊಡ್ಲಿ, ಇನ್ನೊಂದ್ಸಲ ಬರೀಲಿ. ನಿಯಮ ಇದ್ಯಲ್ಲ" ಎಂದರು ಒಬ್ಬರು. ದೊಡ್ಡಕ್ಕನ ಬೆರಳು ನಿಂತಿತು. "ಈ ನಿಯಮ ಯಾವಾಗಿಂದ ಇದೆ ಸಾರ್?" "ಕಾಲೇಜು ಇದ್ದಾಗಿಂದ ಇದೆಯಮ್ಮ." ಆಕೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಅಷ್ಟು ಸಣ್ಣ ಮಾತು ಹೇಳುವವರು ಒಬ್ಬರೂ ಇರಲಿಲ್ಲವೇ ಎಂದು ಅತ್ತಳು. ಅಕ್ಕ-ಅಣ್ಣ ಯೋಜನೆ ಹುಟ್ಟಿದ್ದು ಆ ನಲ್ಲಿಯ ಕೆಳಗೆ. ಆಗಿನ ಪ್ರಿನ್ಸಿಪಾಲರು ಒಳ್ಳೆಯವರು, ಹೂಂ ಅಂದರು, ಮೆಟ್ಟಿಲ ಕೆಳಗೆ ಜಾಗ ಕೊಟ್ಟರು.

ಒಳ್ಳೆಯವರು ನಿವೃತ್ತರಾದರು. ಹೊಸಬರು ಬಂದರು. ಹೊಸ ಪ್ರಿನ್ಸಿಪಾಲರು ಕೆಟ್ಟವರೇನಲ್ಲ, ಆದರೆ ಅವರಿಗೆ ಒಂದು ಶಬ್ದ ಹಿಡಿದುಬಿಟ್ಟಿತ್ತು: ಪರಿಣಾಮ. ಎಲ್ಲಿ ಹೋದರೂ ಇದರಿಂದ ಪರಿಣಾಮವೇನು ಎನ್ನುವರು. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಅಂತ ಏನೇನು ಸೇವೆ ಇದೆಯೋ ಎಲ್ಲವನ್ನೂ ಅಳೆಯಬೇಕು, ಪರಿಣಾಮ ಇಲ್ಲದ್ದನ್ನು ಮುಚ್ಚಬೇಕು ಎಂದು ಅಪ್ಪಣೆಯಾಯಿತು. ಮೊದಲು ಆಪ್ತ ಸಲಹೆಯ ಕೋಣೆಯನ್ನು ಅಳೆದರು. ಅಲ್ಲಿಗೆ ಬಹಳ ಮಕ್ಕಳು ಬರುತ್ತಾರೆಂದು ತಿಳಿಯಿತು. "ಅಂದರೆ ಮಕ್ಕಳ ಕಷ್ಟ ಕಡಿಮೆಯಾಗಿಲ್ಲ, ಪರಿಣಾಮ ಇಲ್ಲ" ಎಂದರು. ಆಮೇಲೆ ಉದ್ಯೋಗ ಮಾರ್ಗದರ್ಶನ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. "ಯಾರಿಗೂ ಬೇಕಾಗಿಲ್ಲ, ಪರಿಣಾಮ ಇಲ್ಲ" ಎಂದರು. ಇದನ್ನು ಕೇಳಿ ದೊಡ್ಡಕ್ಕನಿಗೆ ತಲೆ ಗಿರ್ರೆಂದಿತು. ಬಂದರೂ ತಪ್ಪು, ಬರದಿದ್ದರೂ ತಪ್ಪು. ಹಾಗಾದರೆ ಮಕ್ಕಳು ಬಾಗಿಲ ತನಕ ಬಂದು ವಾಪಸು ಹೋಗಬೇಕೇ?

ಅಳೆಯುವ ಕೆಲಸ ಬಿದ್ದದ್ದು ಸಂಖ್ಯಾಶಾಸ್ತ್ರದ ಲೆಕ್ಚರರ್ ಮೇಲೆ. ಅವರನ್ನು ಆಗಿನಿಂದ ಅಳತೆ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಎತ್ತರದ ಆಳು, ಮೆಟ್ಟಿಲ ಕೆಳಗೆ ಬಂದಾಗಲೆಲ್ಲ ತಲೆ ತಾಗಿಸಿಕೊಂಡು "ಇಲ್ಲೊಂದು ಗುರುತು ಹಾಕ್ಬೇಕು" ಎನ್ನುತ್ತಿದ್ದರು. ನೇರ ಮನುಷ್ಯ. ಬೆಂಚಿನ ಮೇಲೆ ಕೂತು ದೊಡ್ಡಕ್ಕನಿಗೆ ತಿಳಿಸಿ ಹೇಳಿದರು.

"ನೋಡಿ ದೊಡ್ಡಕ್ಕ, ಈ ವರ್ಷ ಅರ್ಧ ಮಕ್ಕಳಿಗೆ ಮಾತ್ರ ಅಕ್ಕ ಅಣ್ಣ ಕೊಡೋಣ. ಇನ್ನರ್ಧಕ್ಕೆ ಬೇಡ. ವರ್ಷದ ಕೊನೇಲಿ ಯಾವ ಗುಂಪಲ್ಲಿ ಹೆಚ್ಚು ಮಕ್ಕಳು ಉಳ್ಕೊಂಡ್ರು, ಯಾವ ಗುಂಪಲ್ಲಿ ಹೆಚ್ಚು ಜನ ಮಧ್ಯದಲ್ಲೇ ಬಿಟ್ಟು ಹೋದ್ರು ಅಂತ ನೋಡೋಣ. ಆಗ ನಿಮ್ಮ ಯೋಜನೆ ಉಪಯೋಗ ಏನು ಅಂತ ಯಾರೂ ಅಲ್ಲಗಳೆಯೋ ಹಾಗಿಲ್ಲ."

"ಅರ್ಧ ಮಕ್ಕಳಿಗೆ ಇಲ್ಲ ಅನ್ನೋದು ಹೇಗೆ ಸಾರ್? ಯಾವ ಅರ್ಧ?"

"ಚೀಟಿ ಎತ್ತೋದು."

"ಚೀಟೀಲಿ ಬಾರದ ಮಗು ಏನು ಪಾಪ ಮಾಡಿತ್ತು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹೊಸ ಔಷಧಿ ಬಂದಾಗ್ಲೂ ಹೀಗೇ ಮಾಡೋದು. ಇಲ್ದಿದ್ರೆ ಗುಣ ಆಗಿದ್ದು ಔಷಧಿಯಿಂದಲೋ ತಾನಾಗಿಯೋ ಅಂತ ಗೊತ್ತಾಗೋದು ಹೇಗೆ?"

ಮಾತು ಸರಿಯಾಗಿಯೇ ಇತ್ತು, ಅದೇ ಕಷ್ಟ. ಅತ್ತ ದರಿ, ಇತ್ತ ಪುಲಿ. ಒಪ್ಪದಿದ್ದರೆ ಯೋಜನೆ ಈಗಲೇ ಮುಚ್ಚುತ್ತದೆ, ಒಪ್ಪಿದರೆ ಅರ್ಧ ಮಕ್ಕಳು ಬೀದಿಪಾಲು. ಒಂದೇ ವರ್ಷ ತಾನೇ ಎಂದು ಒಪ್ಪಿದಳು. ಮೇಷ್ಟ್ರ ಕೋಣೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಿಂದ ಚೀಟಿ ಎತ್ತಿದ್ದೂ ಆಕೆಯೇ. ಮೇಷ್ಟ್ರು ಎರಡು ಗುಂಪುಗಳನ್ನು ಒಂದನೆಯದು, ಎರಡನೆಯದು ಎಂದು ಕರೆದರು. ಮಕ್ಕಳು ಮಾತ್ರ ಎರಡೇ ದಿನದಲ್ಲಿ ಅವಕ್ಕೆ ಬೇರೆ ಹೆಸರಿಟ್ಟವು: ಅಕ್ಕ ಸಿಕ್ಕವರು, ಅಕ್ಕ ಸಿಗದವರು.

ವರ್ಷ ಕಳೆಯಿತು. ಅಳತೆ ಮೇಷ್ಟ್ರು ಬಂದು, ತಲೆ ತಾಗಿಸಿಕೊಂಡು, ಬೆಂಚಿನ ಮೇಲೆ ಕೂತರು. ಮುಖ ಬಾಡಿತ್ತು.

"ಎರಡು ಗುಂಪಿಗೂ ಏನೂ ವ್ಯತ್ಯಾಸ ಇಲ್ಲ ದೊಡ್ಡಕ್ಕ. ಅವರಲ್ಲಿ ಎಷ್ಟು ಜನ ಉಳಿದ್ರೋ ಇವರಲ್ಲೂ ಹೆಚ್ಚುಕಡಿಮೆ ಅಷ್ಟೇ."

"ಅಂದ್ರೆ?"

"ಅಂದ್ರೆ... ಅಕ್ಕ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ."

ದೊಡ್ಡಕ್ಕ ಪಿಳಿಪಿಳಿ ಕಣ್ಣು ಬಿಟ್ಟಳು. ಇಷ್ಟು ವರ್ಷ ತಾನು ಮಾಡಿದ್ದೇನು ಹಾಗಾದರೆ? ಬರೀ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದೇ? ಯಾರೂ ಹೇಳದಿದ್ದರೂ ಮಕ್ಕಳು ಹೇಗೋ ಉಳಿಯುತ್ತವೆ ಎಂದಾದರೆ, ಉಳಿಯದೇ ಟ್ರಂಕು ಎತ್ತಿಕೊಂಡು ಹೋದ ತಾನೊಬ್ಬಳೇ ಪೆದ್ದಿಯೇ? ಆ ಯೋಚನೆ ಯೋಜನೆ ಮುಚ್ಚುವುದಕ್ಕಿಂತ ಹೆಚ್ಚು ನೋಯಿಸಿತು.

ಮನೆಗೆ ಹೋದಳು. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಎಲ್ಲ ಹೇಳಿ, "ಇದಕ್ಕೇನಂತೀರಿ?" ಎಂದು ಕೇಳಿದಳು. ಅವನು ಬಾಯಲ್ಲಿದ್ದ ಪಿನ್ನು ತೆಗೆದು ಮೇಜಿನ ಮೇಲಿಟ್ಟ.

"ಅಳತೆ ತಗೊಳ್ಳುವಾಗ ಎಲ್ರೂ ಹೊಟ್ಟೆ ಒಳಗೆ ಎಳ್ಕೋತಾರೆ ಕಣೇ. ಅದಕ್ಕೇ ನಾನು ಎರಡು ಬೆರಳು ಜಾಸ್ತಿ ಬಿಡ್ತೀನಿ."

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ನಂಗೇನ್ ಗೊತ್ತು? ಕೇಳ್ದೆ, ಹೇಳ್ದೆ."

ದೊಡ್ಡ ಜ್ಞಾನಿಯ ಮಾತಿನಂತೆ ಕಾಣುತ್ತದೆ, ಆದರೆ ಹಾಗೆ ಎರಡು ಬೆರಳು ಬಿಟ್ಟು ಹೊಲಿದ ಪ್ಯಾಂಟುಗಳೆಲ್ಲ ಸೊಂಟದಲ್ಲಿ ನಿಲ್ಲದೆ ವಾಪಸು ಬರುತ್ತಿದ್ದವು ಎಂಬುದನ್ನೂ ಹೇಳಿಬಿಡುತ್ತೇನೆ. ದೊಡ್ಡಕ್ಕನಿಗೆ ಇದ್ದ ಗೊಂದಲದ ಮೇಲೆ ಇನ್ನೊಂದು ಪದರ ಬಿತ್ತು, ಅಷ್ಟೇ.

ಗುಟ್ಟು ರಟ್ಟಾದದ್ದು ಮರುದಿನ ಕ್ಯಾಂಟೀನಿನಲ್ಲಿ. ಆಕೆ ಟೀ ಕುಡಿಯಲು ಹೋದಾಗ ಮೂಲೆಯ ಮೇಜಿನಲ್ಲಿ ಕೊನೆಯ ವರ್ಷದ ಒಬ್ಬ ಎತ್ತರದ ಹುಡುಗಿ ಕೂತಿದ್ದಳು. ಯೋಜನೆಯ ಅಕ್ಕಂದಿರಲ್ಲಿ ಒಬ್ಬಳು, ಎಲ್ಲರೂ ಉದ್ದಕ್ಕ ಎನ್ನುತ್ತಿದ್ದರು. ಅವಳ ಸುತ್ತ ಹೊಸ ಹುಡುಗಿಯರು ಜೇನುಹುಟ್ಟಿಗೆ ನೊಣ ಮುತ್ತಿದ ಹಾಗೆ.

"ನಿನಗೆ ಇಬ್ಬರನ್ನ ತಾನೇ ಕೊಟ್ಟಿದ್ದು?" ಎಂದಳು ದೊಡ್ಡಕ್ಕ.

"ಹೌದು ದೊಡ್ಡಕ್ಕ. ಇವರಿಬ್ರು. ಉಳಿದೋರು ಇವರ ರೂಮಿನೋರು, ಬೆಂಚಿನೋರು. ಪಾಪ, ಅವರಿಗೆ ಅಕ್ಕ ಸಿಕ್ಕಿರ್ಲಿಲ್ಲ. ಅದಕ್ಕೆ ಇವರು ತಮ್ಮ ಅಕ್ಕನ್ನೇ ಹಂಚ್ಕೊಂಡ್ರು."

"ನೀನು ಆಗಲ್ಲ ಅನ್ಬೇಕಿತ್ತು ಕಣೇ."

ಉದ್ದಕ್ಕನಿಗೆ ಅರ್ಥವಾಗಲಿಲ್ಲ. "ಅಕ್ಕಾ ಅಂತ ಕರ್ಕೊಂಡು ಬಂದ್ರೆ ಆಗಲ್ಲ ಅನ್ನೋದು ಹೇಗೆ? ಇವಳ ರೂಮಲ್ಲೇ ಮಲಗೋಳು, ಇವಳಿಗೆ ನಾನು ಅಕ್ಕ, ಅವಳಿಗೆ ಯಾರೋ?"

ನಿಜ ತಾನೇ? ನಮ್ಮ ಬಾಯಲ್ಲಿ ಅಕ್ಕ ಅನ್ನುವುದು ಒಬ್ಬರಿಗೆ ಬರೆದುಕೊಟ್ಟ ಆಸ್ತಿಯಲ್ಲ. ಮನೆಗೆ ಬಂದ ತಂಗಿಯ ಗೆಳತಿಗೂ ಅವಳು ಅಕ್ಕನೇ, ಬಸ್ಸಿನಲ್ಲಿ ಜಾಗ ಕೇಳುವವಳಿಗೂ ಅಕ್ಕನೇ. ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಮಾತ್ರ ಅಕ್ಕನನ್ನು ಹಂಚುತ್ತೇವೆ ಎಂದು ಹೊರಟವರ ಬುದ್ಧಿಗೆ ಏನು ಹೇಳೋಣ? ಅದರಲ್ಲಿ ದೊಡ್ಡಕ್ಕನೂ ಒಬ್ಬಳಾಗಿದ್ದಳಲ್ಲ, ಅದೇ ಆಕೆಗೆ ಸೋಜಿಗ.

ಟೀ ಅಲ್ಲೇ ಬಿಟ್ಟು ಓಡಿದಳು. ಅಳತೆ ಮೇಷ್ಟ್ರು ತರಗತಿಯಿಂದ ಹೊರಗೆ ಬರುತ್ತಿದ್ದರು. ಏದುಸಿರು ಬಿಡುತ್ತಾ ಎಲ್ಲ ಹೇಳಿ, "ಯೋಜನೆ ಗೆದ್ದಿದೆ ಸಾರ್. ಎಷ್ಟು ಗೆದ್ದಿದೆ ಅಂದ್ರೆ ಇಲ್ಲದೋರಿಗೂ ಮುಟ್ಟಿದೆ" ಎಂದಳು.

ಮೇಷ್ಟ್ರು ತಲೆ ಕೆರೆದುಕೊಂಡರು. "ನೀವು ಹೇಳೋದು ನಿಜ ಇರಬಹುದು. ಆದ್ರೆ ಅಳತೆ ಭಾಷೇಲಿ ಇದಕ್ಕೆ ಗೆದ್ದಿದೆ ಅನ್ನಲ್ಲ, ಪ್ರಯೋಗ ಕೆಟ್ಟಿದೆ ಅಂತಾರೆ."

"ಕೆಟ್ಟಿರೋದು ಪ್ರಯೋಗ ತಾನೇ, ಯೋಜನೆ ಅಲ್ವಲ್ಲ?"

"ಅದು ಗೊತ್ತಾಗ್ಬೇಕಾದ್ರೆ ಪ್ರಯೋಗ ಸರಿ ಇರ್ಬೇಕು."

ಇಬ್ಬರೂ ಕೂಡಿ ಪ್ರಿನ್ಸಿಪಾಲರ ಹತ್ತಿರ ಹೋದರು. ಅವರು ಎಲ್ಲ ಕೇಳಿ, ಬಡಪೆಟ್ಟಿಗೆ ಒಪ್ಪುವವರಲ್ಲದಿದ್ದರೂ, ಇನ್ನೊಂದು ವರ್ಷ ಕೊಟ್ಟರು. ಆದರೆ ಈ ಸಲ ಕಟ್ಟುನಿಟ್ಟು. ಅಕ್ಕ ಅಣ್ಣಂದಿರು ತಮಗೆ ಕೊಟ್ಟ ಮಕ್ಕಳನ್ನು ಬಿಟ್ಟು ಬೇರೆ ಹೊಸಬರ ಜೊತೆ ಮಾತಾಡಬಾರದು. ಅದನ್ನು ದೊಡ್ಡಕ್ಕನೇ ಅವರಿಗೆ ಹೇಳಬೇಕು. ಈ ಸಲವೂ ವ್ಯತ್ಯಾಸ ಕಾಣದಿದ್ದರೆ ಯೋಜನೆ ಮುಚ್ಚಿದಂತೆ.

ಬಿಸಿ ತುಪ್ಪ ಬಾಯಲ್ಲಿ ಬಿದ್ದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಕ್ಕಳಿಗೆ ದಾರಿ ತೋರಿಸುವ ಯೋಜನೆಯನ್ನು ಉಳಿಸಬೇಕಾದರೆ ಮಕ್ಕಳಿಗೆ ದಾರಿ ತೋರಿಸಬೇಡಿ ಎಂದು ತಾನೇ ಬಾಯಿಬಿಟ್ಟು ಹೇಳಬೇಕು. ಹೊಸ ವರ್ಷದ ಅಕ್ಕ ಅಣ್ಣಂದಿರನ್ನೆಲ್ಲ ಒಂದು ತರಗತಿಯಲ್ಲಿ ಕೂರಿಸಿ, ಗೋಡೆ ನೋಡಿಕೊಂಡು ಹೇಳಿ ಮುಗಿಸಿದಳು. ಹಿಂದಿನ ಬೆಂಚಿನಿಂದ ಒಬ್ಬ ಅಣ್ಣ ಎದ್ದು ನಿಂತ.

"ಎರಡನೇ ಗುಂಪಿನೋರು ಬಂದು ಏನಾದ್ರೂ ಕೇಳಿದ್ರೆ ಏನು ಹೇಳ್ಬೇಕು ದೊಡ್ಡಕ್ಕ? ಗೊತ್ತಿಲ್ಲ ಅನ್ಬೇಕಾ?"

ಗೊತ್ತಿಲ್ಲ ಅನ್ನಿ ಎಂದು ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆ. "ಮೆಟ್ಟಿಲ ಕೆಳಗಿನ ರೂಮಿಗೆ ಹೋಗಿ ಅನ್ನಿ."

ಅಷ್ಟೇ ಆಗಿದ್ದು. ಅದರ ಪರಿಣಾಮ ಏನಾದೀತು ಎಂದು ಆಗ ಆಕೆಗೂ ಹೊಳೆಯಲಿಲ್ಲ.

ಅಕ್ಕ ಸಿಗದ ಗುಂಪು ಒಬ್ಬೊಬ್ಬರಾಗಿ ಮೆಟ್ಟಿಲ ಕೆಳಗೆ ಬರತೊಡಗಿತು. ಮುರಿದ ಬೆಂಚಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಬೇಕಾಯಿತು. ಪ್ರಯೋಗಾಲಯ ಎಲ್ಲಿ, ಹಾಸ್ಟೆಲ್ಲಿನ ಕೀಲಿ ಕಳೆದಿದೆ, ಪಾಠ ಒಂದಕ್ಷರ ತಲೆಗೆ ಹೋಗುತ್ತಿಲ್ಲ, ಮನೆ ನೆನಪಾಗುತ್ತಿದೆ. "ಬಾ, ತೋರಿಸ್ತೀನಿ" ಎಂದು ಆಕೆ ಎದ್ದು ಹೊರಡುವಳು. ತಿರುಗಿ ಬರುವಷ್ಟರಲ್ಲಿ ಇನ್ನಿಬ್ಬರು ತಲೆ ತಾಗಿಸಿಕೊಂಡು ಉಜ್ಜಿಕೊಳ್ಳುತ್ತಾ ನಿಂತಿರುವರು. ಇದು ಸರಿಯೇ ಎಂಬ ಪ್ರಶ್ನೆ ಆಕೆಗೆ ಬರಲಿಲ್ಲವೆಂದಲ್ಲ. ಬಂತು. ಆದರೆ ಮಾತಾಡಬಾರದು ಎಂದು ಹೇಳಿದ್ದು ಅಕ್ಕಂದಿರಿಗೆ, ತಾನು ಸಂಬಳ ತೆಗೆದುಕೊಳ್ಳುವ ನೌಕರಿಯವಳು, ಬಾಗಿಲ ಮೇಲೆ ಬೋರ್ಡೇ ಇದೆ ಎಂದು ಸಮಾಧಾನ ಮಾಡಿಕೊಂಡಳು. ಮನಸ್ಸಿಗೆ ಬೇಕಾದರೆ ಕಾನೂನು ತಾನಾಗಿ ಸಿಗುತ್ತದೆ.

ಆ ಸಮಾಧಾನವೂ ಕೈಕೊಟ್ಟ ದಿನ ಒಂದಿತ್ತು. ಮೊದಲ ಪರೀಕ್ಷೆ ಮುಗಿದ ವಾರ. ಒಬ್ಬಳು ಹುಡುಗಿ ಬಾಗಿಲಲ್ಲಿ ನಿಂತಳು. ಒಣಗಿದ ತುಟಿ, ಒಂದು ಕೈಯಲ್ಲಿ ಊದಿಕೊಂಡ ಚೀಲ, ಇನ್ನೊಂದು ಕೈಯಲ್ಲಿ ಚೀಟಿ. ಕಾಲೇಜು ಬಿಟ್ಟು ಹೋಗುವವರು ಎಲ್ಲ ವಿಭಾಗಗಳ ಸಹಿ ಹಾಕಿಸಿಕೊಂಡು ಹೋಗಬೇಕು, ಅದಕ್ಕೆ ಬಂದಿದ್ದಳು. ಎರಡನೆಯ ಗುಂಪಿನವಳು. ಏನನ್ನೂ ಕೇಳಲಿಲ್ಲ, ಚೀಟಿ ಮುಂದಿಟ್ಟು ನಿಂತಳು.

"ಯಾಕಮ್ಮ ಬಿಡ್ತಿದೀಯ?"

"ಜ್ವರ ಬಂದಿತ್ತು. ಪರೀಕ್ಷೆ ಹೋಯ್ತು."

ಪೆನ್ನು ದೊಡ್ಡಕ್ಕನ ಕೈಯಲ್ಲೇ ಇತ್ತು. ಈ ಹುಡುಗಿ ಏನನ್ನೂ ಕೇಳಿಲ್ಲ. ಸಹಿ ಹಾಕಿ ಕಳಿಸಿದರೆ ಯಾವ ತಪ್ಪೂ ಇಲ್ಲ. ಎರಡನೆಯ ಗುಂಪಿನಿಂದ ಹೀಗೆ ಒಬ್ಬೊಬ್ಬರು ಹೋದರೆ ತಾನೇ ವ್ಯತ್ಯಾಸ ಕಾಣುವುದು? ವ್ಯತ್ಯಾಸ ಕಂಡರೆ ತಾನೇ ಯೋಜನೆ ಉಳಿಯುವುದು, ಮುಂದೆ ಬರುವ ಎಷ್ಟೋ ಹುಡುಗಿಯರಿಗೆ ಇದೇ ಮಾತನ್ನು ಹೇಳಲು ಅಕ್ಕಂದಿರು ಸಿಗುವುದು? ಒಬ್ಬಳು ಹೋದರೆ ಹೋಗಲಿ ಎಂದು ಲೆಕ್ಕ ಹೇಳಿತು. ಆ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಆಕೆಗೆ ಎಷ್ಟು ಯೋಚಿಸಿದರೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಸಿಟ್ಟು ಬಂತು. ಮೇಲೆ ಯಾರೋ ದಡದಡ ಮೆಟ್ಟಿಲಿಳಿದರು. ಹುಡುಗಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ಚೀಲ ಕೆಳಗಿಡು" ಎಂದಳು ದೊಡ್ಡಕ್ಕ. "ಕೂತ್ಕೊ. ಒಂದು ಅರ್ಜಿ ಬರಿ."

"ಬಿಡೋಕಾ?"

"ಬಿಡೋಕಲ್ಲ ಕಣೇ. ಇನ್ನೊಂದ್ಸಲ ಪರೀಕ್ಷೆ ಬರೆಯೋಕೆ. ಹಾಗೆ ಬರೀಬಹುದು."

ಹುಡುಗಿ ನಂಬಲಿಲ್ಲ. "ಹೌದಾ?" ಎಂದಳು, ಚೀಲ ಕೆಳಗಿಟ್ಟು ಮತ್ತೆ, "ಅಷ್ಟೇನಾ?" ಎಂದಳು. ದೊಡ್ಡಕ್ಕ ಕನ್ನಡಕ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದಳು. ಕನ್ನಡಕ ಕೊರಳಲ್ಲೇ ಇತ್ತು. ಆಮೇಲೆ ಅರ್ಜಿ ಕೊಡುವ ಕೋಣೆಯ ತನಕ ನಡೆದು ಹೋಗಿ ತೋರಿಸಿದಳು.

ಆ ವರ್ಷದ ಫಲಿತಾಂಶ ಓದಲು ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ ಸೇರಿತು. ಅಳತೆ ಮೇಷ್ಟ್ರು ಎದ್ದು ನಿಂತರು. ಕಕ್ಕಾಬಿಕ್ಕಿಯಾದ ಮುಖ. ಈ ಸಲ ವ್ಯತ್ಯಾಸವೇನೋ ಕಂಡಿತ್ತು, ಆದರೆ ತಿರುಗಾಮುರುಗಾ. ಅಕ್ಕ ಸಿಗದ ಗುಂಪಿನಲ್ಲೇ ಹೆಚ್ಚು ಮಕ್ಕಳು ಉಳಿದಿದ್ದರು. ಅಕ್ಕ ಸಿಕ್ಕವರಲ್ಲಿ ಬಿಟ್ಟುಹೋದವರು ಹೆಚ್ಚು.

ಯಾಕೆ ಹೀಗಾಯಿತೆಂದು ದೊಡ್ಡಕ್ಕನಿಗೆ ಕೂತಲ್ಲೇ ಒಂದೊಂದಾಗಿ ತಿಳಿಯುತ್ತಾ ಬಂತು. ಹೊಸ ಮಕ್ಕಳು ಒಬ್ಬರೇ ಎಲ್ಲಿಗೂ ಹೋಗುವವಲ್ಲ, ಗುಂಪು ಕಟ್ಟಿಕೊಂಡೇ ಹೋಗುವವು. ನಿಯಮಕ್ಕೆ ಹೆದರಿದ ಅಕ್ಕಂದಿರು, ನೀನೊಬ್ಬಳೇ ಬಾ, ಗೆಳತಿಯನ್ನು ಕರೆತರಬೇಡ ಎಂದಿದ್ದರು. ಗೆಳತಿಯನ್ನು ಬಿಟ್ಟು ಬರಲಾರದ ಮಕ್ಕಳು ಅಕ್ಕನನ್ನೇ ಬಿಟ್ಟಿದ್ದವು. ಅಕ್ಕ ಇದ್ದಾಳಲ್ಲ ಎಂದು ಅವರನ್ನು ಮೆಟ್ಟಿಲ ಕೆಳಗೂ ಯಾರೂ ಕಳಿಸಿರಲಿಲ್ಲ. ಅವರಿಗೆ ಅಕ್ಕನೂ ಇಲ್ಲ, ದೊಡ್ಡಕ್ಕನೂ ಇಲ್ಲ. ಹಾಗೆ ಹೋದ ಮಕ್ಕಳ ಮುಖ ನೆನಪು ಮಾಡಿಕೊಳ್ಳಲು ನೋಡಿದಳು. ಒಂದೂ ನೆನಪಿಗೆ ಬರಲಿಲ್ಲ. ಅವರ ಚೀಟಿಗಳಿಗೆ ಸಹಿ ಹಾಕಿದವಳು ಆಕೆಯೇ, ಎದುರಿನ ಬೆಂಚಿನ ಗದ್ದಲದಲ್ಲಿ ತಲೆ ಎತ್ತಿ ನೋಡಿರಲಿಲ್ಲ.

"ಅಂದರೆ," ಎಂದರು ಪ್ರಿನ್ಸಿಪಾಲರು, "ಏನೂ ಕೊಡದ ಮಕ್ಕಳೇ ಚೆನ್ನಾಗಿದ್ದಾರೆ. ಯೋಜನೆಯಿಂದ ತೊಂದರೆಯೇ ಆಗಿದೆ."

ದೊಡ್ಡಕ್ಕ ಎದ್ದು ನಿಂತಳು. "ಏನೂ ಕೊಡ್ದೆ ಇರ್ಲಿಲ್ಲ ಸಾರ್. ನಾನಿದ್ದೆ."

ಎಲ್ಲರೂ ತಿರುಗಿ ನೋಡಿದರು. ಅಳತೆ ಮೇಷ್ಟ್ರು ಪೆನ್ನು ಕೆಳಗಿಟ್ಟರು. "ನಿಮ್ಮ ಹತ್ರ ಬಂದ್ರಾ? ಎಷ್ಟು ಜನ?"

"ಎಣಿಸಲಿಲ್ಲ ಸಾರ್."

"ಏನು ಹೇಳಿದ್ರಿ ಅವರಿಗೆ?"

"ಬಾ, ತೋರಿಸ್ತೀನಿ ಅಂದೆ."

ಪ್ರಿನ್ಸಿಪಾಲರು ಕಾಗದ ತಿರುವಿದರು. "ಆದರೆ ನೋಡಿ, ಮಕ್ಕಳನ್ನೇ ಕೇಳಿದ್ದೇವೆ. ನಿಮಗೆ ಯಾವುದಾದರೂ ಯೋಜನೆಯಿಂದ, ಯಾರಿಂದಲಾದರೂ ಸಹಾಯ ಸಿಕ್ಕಿತೇ ಅಂತ. ಎರಡನೇ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅಂದಿದ್ದಾರೆ." ಅವರ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. "ಇರಲಿ. ನೀವು ಸಹಾಯ ಮಾಡಿದ್ದೀರಿ ಅಂತಲೇ ಇಟ್ಟುಕೊಳ್ಳೋಣ. ಅದು ಯಾವ ಯೋಜನೆಯಲ್ಲಿ ಬರುತ್ತೆ?"

"ಅಕ್ಕ-ಅಣ್ಣ ಯೋಜನೇಲಿ ಸಾರ್. ನಾನು ಇರೋದೇ ಅದರಲ್ಲಿ."

"ಅದನ್ನೇ ಅಲ್ಲವೇ ಈಗ ಮುಚ್ಚುತ್ತಿರುವುದು?"

ಹೊರಗೆ ಬಂದ ಮೇಲೆ ಅಳತೆ ಮೇಷ್ಟ್ರು ದೊಡ್ಡಕ್ಕನ ಜೊತೆ ಸ್ವಲ್ಪ ದೂರ ನಡೆದರು. "ನಿಮ್ಮನ್ನ ಯಾವ ಗುಂಪಿಗೆ ಹಾಕ್ಬೇಕಿತ್ತು ಅಂತ ಇನ್ನೂ ಗೊತ್ತಾಗ್ತಿಲ್ಲ ದೊಡ್ಡಕ್ಕ" ಎಂದರು. ಪಾಪ, ನಿಜವಾಗಿಯೂ ಗೊತ್ತಾಗಿರಲಿಲ್ಲ.

ಯೋಜನೆ ಮುಚ್ಚಿತು. ಮೆಟ್ಟಿಲ ಕೆಳಗೆ ಪೊರಕೆ ಬಕೆಟ್ಟುಗಳು ಮರಳಿ ಬಂದವು. ದೊಡ್ಡಕ್ಕನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಕಿಟಕಿಯ ಹಿಂದೆ ಕೂತು ಪ್ರವೇಶ ಪತ್ರ ಕೊಡುವ ಕೆಲಸ, ಎದ್ದು ಹೋಗುವಂತಿಲ್ಲ. ಯಾರಾದರೂ ದಾರಿ ಕೇಳಿದರೆ ಬಾಯಲ್ಲೇ ಹೇಳಬೇಕು. ಎಡ ಎಂದದ್ದು ಬಲವಾಗಿ ಎಷ್ಟು ಮಕ್ಕಳು ಗಂಡಸರ ಬಚ್ಚಲಿಗೆ ನುಗ್ಗಿದರೋ ದೇವರಿಗೇ ಗೊತ್ತು. ಸಂಜೆ ಮನೆಗೆ ಹೋಗಿ ಗಂಡನ ಹತ್ತಿರ ಒಂದೇ ಮಾತು ಕೇಳುವಳು: "ಒಂದೇ ಒಂದು ಮಗೂನೂ ಹೌದು, ಯಾರೋ ಹೇಳಿದ್ರು ಅಂತ ಅನ್ನಲಿಲ್ವಲ್ರೀ, ಯಾಕಿರಬಹುದು?" ಅವನ ಬಾಯಲ್ಲಿ ಪಿನ್ನು ಇರುತ್ತಿತ್ತು.

ಹೊಸ ವರ್ಷ ಶುರುವಾದ ಒಂದು ಬೆಳಗ್ಗೆ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಆ ಜ್ವರದ ಹುಡುಗಿ. ಈಗ ಎರಡನೆಯ ವರ್ಷ, ತುಟಿಗೆ ಬಣ್ಣ ಬಂದಿತ್ತು.

"ದೊಡ್ಡಕ್ಕ, ನಿಮ್ಮನ್ನ ಎಲ್ಲೆಲ್ಲಿ ಹುಡುಕಿದೆ. ಈ ವರ್ಷ ನಂಗೆ ಅಕ್ಕ ಆಗೋಕೆ ಹೆಸರು ಕೊಡಬೇಕಿತ್ತು."

"ಯೋಜನೆ ಮುಚ್ಚಿದಾರಮ್ಮ."

"ಅಯ್ಯೋ, ಹೌದಾ?" ಹುಡುಗಿಯ ಮುಖ ಸಪ್ಪಗಾಯಿತು. "ಮಾಡಬೇಕು ಅಂತ ತುಂಬಾ ಇತ್ತು. ನಮ್ಮ ಗುಂಪಿಗೆ ಅಕ್ಕ ಸಿಗ್ಲಿಲ್ವಲ್ಲ, ಅದರ ಕಷ್ಟ ನಂಗೆ ಗೊತ್ತು. ಯಾರೂ ಇರ್ಲಿಲ್ಲ ನಮಗೆ. ನಾನಂತೂ ಒಂದ್ಸಲ ಬಿಟ್ಟು ಹೊರಟೇಬಿಟ್ಟಿದ್ದೆ. ಹೇಗೋ ಪಾರಾದೆ."

ಹೇಗೋ. ದೊಡ್ಡಕ್ಕ ಆ ಮಾತನ್ನೇ ಹಿಡಿದುಕೊಂಡು ಕೂತಳು. ಇವಳು ಸುಳ್ಳು ಹೇಳುತ್ತಿಲ್ಲ, ಉಪಕಾರ ಮರೆತವಳೂ ಅಲ್ಲ. ಇವಳ ಮಟ್ಟಿಗೆ ಅಕ್ಕ ಎಂದರೆ ಚೀಟಿಯಲ್ಲಿ ಬರುವವಳು, ಸಹಾಯ ಎಂದರೆ ಯೋಜನೆಯಿಂದ ಸಿಗುವುದು. ಸಹಿ ಹಾಕಿಸಿಕೊಳ್ಳಲು ಹೋದಾಗ ಮೇಜಿನ ಹಿಂದೆ ಕೂತಿದ್ದ ಕುಳ್ಳಗಿನ ಹೆಂಗಸು ಒಂದು ಮಾತು ಹೇಳಿದ್ದು ಯಾವ ಲೆಕ್ಕ? ನೆನಪು ಮಾಡಿಕೊಡಬಹುದಿತ್ತು. "ನಾನೇ ಅಲ್ಲವೇನೇ" ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂತು. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಆಕೆಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಎದುರಿನ ಮೆಟ್ಟಿಲಿನಿಂದ ಸದ್ದು ಕೇಳಿತು. ಯಾರೋ ಹತ್ತುತ್ತಿದ್ದರು. ಅರ್ಧಕ್ಕೆ ಹತ್ತಿ ನಿಂತರು.

"ಅಲ್ಲೊಂದು ಹುಡುಗಿ ನಿಂತಿದಾಳೆ ನೋಡು" ಎಂದಳು ದೊಡ್ಡಕ್ಕ.

ಜ್ವರದ ಹುಡುಗಿ ಹಿಂತಿರುಗಿ ನೋಡಿದಳು. "ಯಾವ ಗುಂಪಿನೋಳು ದೊಡ್ಡಕ್ಕ?"

"ಈಗ ಗುಂಪು ಇಲ್ಲ ಕಣೇ. ಪ್ರಯೋಗಾಲಯಕ್ಕೆ ಹೋಗ್ಬೇಕು ಅಂತ ಕಾಣುತ್ತೆ, ತಪ್ಪು ಮೆಟ್ಟಿಲು ಹತ್ತಿದಾಳೆ. ನಂಗೆ ಹೇಳೋಕೆ ಬರಲ್ಲ, ನೀನು ಹೋಗು."

ಹುಡುಗಿ ಕಿಟಕಿ ಬಿಟ್ಟು ಓಡಿದಳು. ಸರದಿಯಲ್ಲಿ ಮುಂದಿದ್ದವನು ಪ್ರವೇಶ ಪತ್ರಕ್ಕೆ ಕೈ ಚಾಚಿದ. ದೊಡ್ಡಕ್ಕ ಕನ್ನಡಕ ಹುಡುಕುತ್ತಾ, ಒಂದು ಕಿವಿಯನ್ನು ಆ ಕಡೆಗೇ ಇಟ್ಟಿದ್ದಳು.

"ಏ ತಂಗಿ, ಅಲ್ಲಲ್ಲ" ಎಂದು ಮೆಟ್ಟಿಲಿನಿಂದ ಕೇಳಿತು. "ಬಾ, ತೋರಿಸ್ತೀನಿ."